ಮೆಸ್ಸಿ ಇದ್ಮೇಲೆ ಸ್ಕಲೋನಿ ಮಾಡಿದ್ದಾದ್ರೂ ಏನು?

ಪ್ರಶ್ನೆ: "ಸ್ಕಲೋನಿ ಪ್ಲೇಯರ್ ಆಗಿ ಅಷ್ಟಕ್ಕಷ್ಟೆ, ಕೋಚಿಂಗ್ ಅನುಭವಾನೂ ಇರ್ಲಿಲ್ಲ. ಮೆಸ್ಸಿ ಇದ್ರು, ಕಪ್ ಬಂತು. ಇದ್ರಲ್ಲಿ ಕೋಚ್ ಮಾಡಿದ್ದೇನಿದೆ ಸರ್?"

ಅರ್ಜೆಂಟೀನಾ ಫುಟ್‌ಬಾಲ್ ಟೀಮ್ ಗೆದ್ದಾಗೆಲ್ಲ ಅದರ ಕೋಚ್ ಸ್ಕಲೋನಿ ಬಗ್ಗೆ ಇದೇ ಪ್ರಶ್ನೆ ಬರತ್ತೆ, ನಾನೂ ಅದೇ ಉತ್ತರ ಬರೀತೀನಿ, ಮುಂದಿನ ವಾರ ಇನ್ನೊಬ್ರು ಮತ್ತೆ ಅದನ್ನೇ ಕೇಳ್ತಾರೆ. ಅದಕ್ಕೆ ಇವತ್ತು ಪೂರ್ತಿ ಬರೆದಿಡ್ತೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ.

ಮೊದ್ಲು "ಅಷ್ಟಕ್ಕಷ್ಟೆ" ಅನ್ನೋ ಮಾತು. ಲಿಯೊನೆಲ್ ಸ್ಕಲೋನಿ ಹುಟ್ಟಿದ್ದು 1978ರಲ್ಲಿ, ಅರ್ಜೆಂಟೀನಾದ ರೊಸಾರಿಯೊ ನಗರದ ಹತ್ರ ಪುಜಾತೋ ಅನ್ನೋ ಸಣ್ಣ ಊರಲ್ಲಿ. ರೊಸಾರಿಯೊದ ಕ್ಲಬ್ ನ್ಯೂವೆಲ್ಸ್ ಓಲ್ಡ್ ಬಾಯ್ಸ್, ಆಮೇಲೆ ಎಸ್ಟುಡಿಯಾಂಟೆಸ್ ಕ್ಲಬ್ ಆದ್ಮೇಲೆ ಸ್ಪೇನಿನ ಡಿಪೋರ್ಟಿವೊ ಲಾ ಕೊರುನ್ಯಾ ಸೇರ್ಕೊಂಡ್ರು. ಆ ಟೀಮು 1999-2000ರಲ್ಲಿ ಲೀಗ್ ಗೆದ್ದಾಗ, 2002ರಲ್ಲಿ ರಿಯಲ್ ಮ್ಯಾಡ್ರಿಡ್‌ನ ಅವ್ರದ್ದೇ ಸ್ಟೇಡಿಯಮ್ಮಲ್ಲಿ ಸೋಲಿಸಿ ಸ್ಪೇನಿನ ಕಪ್ ಎತ್ತಿದಾಗ ಇವ್ರೂ ಅಲ್ಲೇ ಇದ್ರು. ಅದಕ್ಕೂ ಮುಂಚೆ 1997ರಲ್ಲಿ ಮಲೇಷ್ಯಾದಲ್ಲಿ ನಡೆದ ಯೂತ್ ವರ್ಲ್ಡ್ ಕಪ್ ಗೆದ್ದ ಟೀಮಲ್ಲಿದ್ರು, ಕ್ವಾರ್ಟರ್ ಫೈನಲ್ಲಲ್ಲಿ ಬ್ರೆಜಿಲ್ ಮೇಲೆ ಗೋಲ್ ಹೊಡೆದ್ರು. ದೇಶಕ್ಕೆ ಆಡಿದ್ದು 7 ಮ್ಯಾಚ್ ಮಾತ್ರ, ನಿಜ. 2006ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್ಲಲ್ಲಿ ವೆಸ್ಟ್ ಹ್ಯಾಮ್‌ಗೆ ಆಡ್ತಾ ಇವ್ರು ಡಿಫೆನ್ಸಿಂದ ಆಚೆ ಹೊಡೆದ ಬಾಲೇ ಕೊನೇಗೆ ಲಿವರ್‌ಪೂಲ್‌ನ ಜೆರಾರ್ಡ್ ಕಾಲಿಗೆ ಸಿಕ್ಕಿ ದೂರದಿಂದ ಗೋಲಾಗಿದ್ದೂ ನಿಜ. ಆದ್ರೆ ಅಷ್ಟಕ್ಕೇ ಒಬ್ಬ ಮನುಷ್ಯನ ಪೂರ್ತಿ ಕೆರಿಯರ್ ಅಳೀಬಾರ್ದು.

ಈಗ ಮುಖ್ಯ ವಿಷಯ. ಮೆಸ್ಸಿ ಇದ್ರೆ ಯಾರ್ ಬೇಕಾದ್ರೂ ಗೆಲ್ಲಿಸ್ತಾರೆ ಅನ್ನೋರು ಒಂದ್ ಲೆಕ್ಕ ಹೇಳ್ಬೇಕು. ಮೆಸ್ಸಿ ಅರ್ಜೆಂಟೀನಾ ಸೀನಿಯರ್ ಟೀಮಿಗೆ ಬಂದಿದ್ದು 2005ರಲ್ಲಿ. ಆಗ ಪೆಕರ್ಮನ್ ಕೋಚ್ ಆಗಿದ್ರು, ಆಗ್ಲಿಲ್ಲ. ಬಾಸಿಲೆ 2007ರ ಕೋಪಾ (ದಕ್ಷಿಣ ಅಮೆರಿಕದ ದೇಶಗಳ ಟೂರ್ನಮೆಂಟು) ಫೈನಲ್ಲಲ್ಲಿ ಬ್ರೆಜಿಲ್ ಕೈಲಿ 3-0 ಸೋತ್ರು. 2010ರಲ್ಲಿ ಸ್ವತಃ ಮರಡೋನಾ ಕೋಚು, ಜರ್ಮನಿ 4-0 ಹೊಡೆದು ಮನೆಗೆ ಕಳಿಸ್ತು. 2011ರ ಕೋಪಾದಲ್ಲಿ ಬಾಟಿಸ್ತಾ, ಸ್ವಂತ ನೆಲದಲ್ಲೇ ಕ್ವಾರ್ಟರ್ ಫೈನಲ್ಲಲ್ಲಿ ಔಟ್. ಸಬೆಯಾ 2014ರ ವರ್ಲ್ಡ್ ಕಪ್ ಫೈನಲ್ ತನಕ ಕರ್ಕೊಂಡ್ ಹೋದ್ರು, ಸೋತ್ರು. ಮಾರ್ಟಿನೋ 2015, 2016 ಎರಡೂ ಕೋಪಾ ಫೈನಲ್ಲು ಚಿಲಿ ವಿರುದ್ಧ ಪೆನಾಲ್ಟೀಲಿ ಕಳ್ಕೊಂಡ್ರು. ಬೌಸಾ ಬಂದ್ರು ಹೋದ್ರು. 2018ರಲ್ಲಿ ಸಾಂಪಾವೋಲಿ, ವರ್ಲ್ಡ್ ಕಪ್ಪಲ್ಲಿ ಫ್ರಾನ್ಸ್ ಎದುರು 4-3 ಸೋಲು. ಇಷ್ಟೂ ಜನರ ಹತ್ರ ಇದ್ದಿದ್ದು ಅದೇ ಮೆಸ್ಸಿ, ಅದೂ ಇನ್ನೂ ಚಿಕ್ಕ ವಯಸ್ಸಿನ, ಇನ್ನೂ ಜೋರಾಗಿ ಓಡೋ ಮೆಸ್ಸಿ. ಒಬ್ರಿಗೂ ಒಂದ್ ಕಪ್ ಬರ್ಲಿಲ್ಲ ಯಾಕೆ?

ಇನ್ನೊಂದು, ಸ್ಕಲೋನಿ ಶುರು ಮಾಡಿದಾಗ ಮೆಸ್ಸಿ ಟೀಮಲ್ಲಿ ಇರ್ಲೇ ಇಲ್ಲ! 2018ರ ವರ್ಲ್ಡ್ ಕಪ್ ಆದ್ಮೇಲೆ ಮೆಸ್ಸಿ ಆ ವರ್ಷ ಪೂರ್ತಿ ನ್ಯಾಷನಲ್ ಟೀಮಿಂದ ದೂರ ಉಳಿದ್ರು. ಸಾಂಪಾವೋಲಿಯ ಅಸಿಸ್ಟೆಂಟ್ ಆಗಿದ್ದ ಸ್ಕಲೋನಿಗೆ ತಾತ್ಕಾಲಿಕವಾಗಿ ಜವಾಬ್ದಾರಿ ಕೊಟ್ರು, ಅದಕ್ಕೂ ಮುಂಚೆ ಸೀನಿಯರ್ ಕ್ಲಬ್ ಒಂದಕ್ಕೂ ಹೆಡ್ ಕೋಚ್ ಆಗಿರ್ಲಿಲ್ಲ ಅನ್ನೋದನ್ನ ನಾನೂ ಒಪ್ತೀನಿ, ಮರಡೋನಾ ಅಂತೂ ಈತ ಟ್ರಾಫಿಕ್ ಕಂಟ್ರೋಲ್ ಮಾಡೋಕೂ ಆಗಲ್ಲ ಅನ್ನೋ ಅರ್ಥದಲ್ಲಿ ಬಹಿರಂಗವಾಗೇ ಬೈದ್ರು. ಆ ತಿಂಗಳುಗಳಲ್ಲೇ ಸ್ಕಲೋನಿ ಲೆಯಾಂಡ್ರೊ ಪರೇಡೆಸ್, ಲೋ ಸೆಲ್ಸೊ, ಲೌತಾರೊ ಮಾರ್ಟಿನೆಸ್ ಇವ್ರನ್ನೆಲ್ಲ ಆಡಿಸಿ ನೋಡಿದ್ರು, ರೊಡ್ರಿಗೊ ಡಿ ಪಾಲ್‌ಗೆ ಮೊದಲ ಅವಕಾಶ ಸಿಕ್ಕಿದ್ದೂ ಆಗ್ಲೇ. ಮೆಸ್ಸಿ 2019ರ ಮಾರ್ಚಲ್ಲಿ ವಾಪಸ್ ಬಂದ ಮೊದಲ ಮ್ಯಾಚಲ್ಲಿ ಏನಾಯ್ತು ಗೊತ್ತಾ? ವೆನೆಜುವೆಲಾ ವಿರುದ್ಧ 3-1 ಸೋಲು. ಮೆಸ್ಸಿ ಬಂದ ತಕ್ಷಣ ಎಲ್ಲ ಸರಿಹೋಗ್ಲಿಲ್ಲ, ನಿಧಾನಕ್ಕೆ ಟೀಮ್ ಕಟ್ಟಿದ್ಮೇಲೆ ಸರಿಹೋಯ್ತು. ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಸ್, ಡಿಫೆಂಡರ್ ರೊಮೆರೊ ಇಬ್ರೂ ದೇಶಕ್ಕೆ ಮೊದಲ ಮ್ಯಾಚ್ ಆಡಿದ್ದು 2021ರ ಜೂನಲ್ಲಿ, ಮುಂದಿನ ತಿಂಗಳೇ ಕೋಪಾ ಫೈನಲ್ಲಲ್ಲಿ, ರಿಯೊದ ಮರಕಾನಾ ಸ್ಟೇಡಿಯಮ್ಮಲ್ಲಿ ಬ್ರೆಜಿಲ್‌ನ 1-0 ಸೋಲಿಸಿ 28 ವರ್ಷದ ಕಪ್ ಬರ ಮುರಿದ್ರು. ಆ ಗೋಲ್ ಹೊಡೆದಿದ್ದು ಡಿ ಮರಿಯಾ.

ಕತಾರ್‌ನ 2022ರ ವರ್ಲ್ಡ್ ಕಪ್ ನೆನಪಿದ್ಯಲ್ಲ? 36 ಮ್ಯಾಚ್ ಸೋಲಿಲ್ದೆ ಬಂದ ಟೀಮು ಮೊದಲ ಮ್ಯಾಚಲ್ಲೇ ಸೌದಿ ಅರೇಬಿಯಾಗೆ ಸೋತ್ಬಿಡ್ತು. ಬೇರೆ ಕೋಚ್ ಆಗಿದ್ರೆ ಹಳೇ ಹನ್ನೊಂದು ಜನರನ್ನೇ ನಂಬ್ಕೊಂಡು ಕೂತಿರ್ತಿದ್ರು. ಸ್ಕಲೋನಿ ಮೆಕ್ಸಿಕೋ ಮ್ಯಾಚಿಗೆ ಐದು ಜನರನ್ನ ಬದಲಾಯಿಸಿದ್ರು. ಸಬ್ ಆಗಿ ಬಂದ ಎನ್ಜೊ ಫರ್ನಾಂಡಿಸ್ ಗೋಲ್ ಹೊಡೆದ್ರು, ಮುಂದಿನ ಮ್ಯಾಚಿಂದ ಅವ್ರೂ ಹೂಲಿಯಾನ್ ಆಲ್ವಾರೆಜೂ ಶುರುವಿಂದ್ಲೇ. ಪೋಲೆಂಡ್ ಮೇಲೆ ಮೆಸ್ಸಿ ಪೆನಾಲ್ಟಿ ಮಿಸ್ ಆಯ್ತು, ಗೆಲ್ಲಿಸಿದ್ದು ಮ್ಯಾಕ್ ಅಲಿಸ್ಟರ್ ಮತ್ತೆ ಆಲ್ವಾರೆಜ್, ಅಂದ್ರೆ ಸೌದಿ ಮ್ಯಾಚಲ್ಲಿ ಶುರುವಿಗೆ ಇರದೇ ಇದ್ದ ಇಬ್ರು. ನೆದರ್‌ಲ್ಯಾಂಡ್ಸ್ ವಿರುದ್ಧ ಹಿಂದೆ ಡಿಫೆನ್ಸಲ್ಲಿ ಐದು ಜನ, ಕ್ರೊಯೇಷಿಯಾ ವಿರುದ್ಧ ಮಧ್ಯದಲ್ಲಿ ನಾಲ್ಕು. ಫೈನಲ್ಲಿಗೆ, ನಾಕೌಟ್‌ನಲ್ಲಿ ಕೆಲವೇ ನಿಮಿಷ ಆಡಿದ್ದ ಡಿ ಮರಿಯಾನ ಕರ್ಕೊಂಡ್ ಬಂದು ಎಡಗಡೆ ನಿಲ್ಲಿಸಿದ್ರು. ಫ್ರಾನ್ಸ್‌ಗೆ ಅದನ್ನ ತಡ್ಕೊಳ್ಳೋಕೇ ಆಗ್ಲಿಲ್ಲ. ಮೊದಲ ಪೆನಾಲ್ಟಿ ಸಿಕ್ಕಿದ್ದು ಡಿ ಮರಿಯಾನ ಬೀಳಿಸಿದ್ದಕ್ಕೆ, ಎರಡ್ನೇ ಗೋಲ್ ಅವ್ರದ್ದೇ, 41ನೇ ನಿಮಿಷಕ್ಕೇ ಫ್ರಾನ್ಸ್ ಕೋಚ್ ಡೆಶಾಂ ತಮ್ಮ ಇಬ್ರನ್ನ ಹೊರಗೆ ಕರೀಬೇಕಾಯ್ತು. ಸ್ಕಲೋನಿ ಡಿ ಮರಿಯಾನ 64ನೇ ನಿಮಿಷಕ್ಕೆ ತೆಗೆದಿದ್ದು ನನ್ ಪ್ರಕಾರ ತಪ್ಪು, ಆಮೇಲೆ ಫ್ರಾನ್ಸ್‌ನ ಎಂಬಾಪೆ ಎರಡು ಹೊಡೆದಿದ್ದನ್ನ ಎಲ್ರೂ ನೋಡಿದೀವಿ. ಹೊಗಳೋದು ಅಂದ್ರೆ ಕಣ್ಮುಚ್ಕೊಂಡು ಹೊಗಳೋದಲ್ಲ.

ಮೆಸ್ಸಿ ಆ ಟೂರ್ನಮೆಂಟಲ್ಲಿ 7 ಗೋಲ್ ಹೊಡೆದ್ರು, ಅವ್ರಿಲ್ದೆ ಆ ಕಪ್ ಬರ್ತಿರ್ಲಿಲ್ಲ. ಅದನ್ನ ಯಾರೂ ಅಲ್ಲಗಳೀತಿಲ್ಲ. ಆದ್ರೆ 2024ರ ಕೋಪಾ ಫೈನಲ್ಲಲ್ಲಿ ಮೆಸ್ಸಿ ಗಾಯ ಆಗಿ ಬೆಂಚಲ್ಲಿ ಅಳ್ತಾ ಕೂತಿದ್ದಾಗ ಕೊಲಂಬಿಯಾ ಮೇಲೆ 112ನೇ ನಿಮಿಷಕ್ಕೆ ಗೆಲ್ಲಿಸಿದ್ದು ಲೌತಾರೊ. 2025ರ ಮಾರ್ಚಲ್ಲಿ ಮೆಸ್ಸಿ ಇಲ್ದೇನೇ ಉರುಗ್ವೆನ ಅವ್ರ ಊರಲ್ಲೇ ಸೋಲಿಸಿ, ನಾಲ್ಕೇ ದಿನದಲ್ಲಿ ಬ್ರೆಜಿಲ್‌ಗೆ 4-1 ಹೊಡೆದ್ರು. ಇದಕ್ಕೂ ಮೆಸ್ಸೀನೇ ಕಾರಣ ಅಂತೀರಾ?

ಇಷ್ಟು ಹೇಳಿದ್ಮೇಲೆ ನೀವು ಕೇಳ್ದೇ ಇರೋದೊಂದು ಹೇಳ್ಬೇಕು, ಯಾಕಂದ್ರೆ ನಂಗೆ ಅದೇ ಹೆಚ್ಚು ಇಷ್ಟದ ವಿಷಯ. ರೊಸಾರಿಯೊ ಸುತ್ತಮುತ್ತ ಇಷ್ಟೊಂದು ಕೋಚ್‌ಗಳು ಹೇಗೆ ಬಂದ್ರು? ಮೆನೊಟ್ಟಿ, ಬಿಯೆಲ್ಸಾ, ಮಾರ್ಟಿನೋ ಮೂರೂ ಜನ ರೊಸಾರಿಯೊದವ್ರು. ಸಾಂಪಾವೋಲಿ ಪಕ್ಕದ ಕಸಿಲ್ಡಾ, ಪೊಚೆಟ್ಟಿನೊ ಅದೇ ಪ್ರಾಂತ್ಯದ ಮರ್ಫಿ, ಸ್ಕಲೋನಿ ಪುಜಾತೋ. ಇವ್ರಲ್ಲಿ ಸುಮಾರು ಜನ ನ್ಯೂವೆಲ್ಸ್‌ನಲ್ಲಿ ಬೆಳೆದವ್ರು. ಅಲ್ಲಿ ಹೋರ್ಹೆ ಗ್ರಿಫಾ ಅನ್ನೋರು ಹುಡುಗರನ್ನ ಹುಡುಕ್ತಾ ಹಳ್ಳಿಹಳ್ಳಿ ಸುತ್ತಿದ್ರು, ಜೊತೆಗೆ ಆಗಿನ್ನೂ ಹೆಸರಿಲ್ಲದ ಬಿಯೆಲ್ಸಾ. ಹದಿಹರೆಯದ ಪೊಚೆಟ್ಟಿನೊ ಮನೆಗೆ ರಾತ್ರೋರಾತ್ರಿ ಹೋಗಿ, ಮಲಗಿದ್ದ ಹುಡುಗನ ಕಾಲು ನೋಡಿ ಇವ್ನು ಫುಟ್‌ಬಾಲರ್ರೇ ಅಂದಿದ್ದು ಇವ್ರಿಬ್ರೇ. ಅಲ್ಲಿ ಆಟ ಅಂದ್ರೆ ಓದೋ ವಿಷಯ, ಮಾತಾಡಿ ಮಾತಾಡಿ ಅರ್ಥ ಮಾಡ್ಕೊಳ್ಳೋ ವಿಷಯ. 1997ರ ಯೂತ್ ಟೀಮಲ್ಲಿ ಸ್ಕಲೋನಿಗೆ ಪೆಕರ್ಮನ್ ಕೋಚ್ ಆಗಿ ಸಿಕ್ಕಿದ್ದೂ ಹಂಗೇ ಇನ್ನೊಂದು ಪಾಠಶಾಲೆ. ಆ ಟೀಮಿನ ಐಮಾರ್, ವಾಲ್ಟರ್ ಸಮುವೆಲ್ ಇಬ್ರೂ ಈಗ ಸ್ಕಲೋನಿ ಪಕ್ಕದಲ್ಲೇ ಅಸಿಸ್ಟೆಂಟ್ ಆಗಿ ಕೂತಿರ್ತಾರೆ, ಮುಂದಿನ ಮ್ಯಾಚಲ್ಲಿ ಕ್ಯಾಮೆರಾ ಬೆಂಚ್ ಕಡೆ ತಿರುಗಿದಾಗ ಗಮನಿಸಿ.