ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿ ಸಂಘ: ಮುಷ್ಕರಕ್ಕೆ ಮುಂಚಿನ ದಿನಗಳು

ಈ ಸಂಘದ ಮಾತು ಬಂದಾಗಲೆಲ್ಲ ನಾವು 1968ರ ಮುಷ್ಕರದಿಂದ ಓದಲು ಶುರುಮಾಡುತ್ತೇವೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಹಿಂದಿನ ಎರಡು ವರ್ಷಗಳ ಕೆಲಸ.

1966ರಲ್ಲಿ ಕಾಲೇಜಿನಲ್ಲಿದ್ದ ನೀಗ್ರೊ ವಿದ್ಯಾರ್ಥಿಗಳ ಸಂಘವೇ ಕಪ್ಪು ವಿದ್ಯಾರ್ಥಿ ಸಂಘವಾಗಿ ಹೊಸ ರೂಪ ಪಡೆಯಿತು. ಮುಂದಾಳುಗಳಲ್ಲಿ ಜೆರಿ ವಾರ್ನಾಡೊ, ಜಿಮ್ಮಿ ಗ್ಯಾರೆಟ್ ಪ್ರಮುಖರು. ನಾಗರಿಕ ಹಕ್ಕು ಚಳವಳಿಯಲ್ಲಿ ಪಳಗಿ ಬಂದಿದ್ದ ಗ್ಯಾರೆಟ್‌ಗೆ ಜನರನ್ನು ಸಂಘಟಿಸುವ ಕಲೆ ಗೊತ್ತಿತ್ತು.

ಸಂಘದ ಸದಸ್ಯರು ನಗರದ ಕಪ್ಪು ಜನರ ಬಡಾವಣೆಗಳಿಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದರು. ವಿದ್ಯಾರ್ಥಿಗಳೇ ವಿಷಯ ಆರಿಸಿ ತರಗತಿ ನಡೆಸಬಹುದಾಗಿದ್ದ 'ಪ್ರಾಯೋಗಿಕ ಕಾಲೇಜ'ನ್ನು ಬಳಸಿಕೊಂಡು ಕಪ್ಪು ಜನರ ಇತಿಹಾಸ, ಕಲೆಗಳ ಪಾಠ ಆರಂಭಿಸಿದರು. ಆಗ ಲೆರಾಯ್ ಜೋನ್ಸ್ ಎಂಬ ಹೆಸರಿನಲ್ಲಿದ್ದ ನಾಟಕಕಾರ ಅಮಿರಿ ಬರಾಕಾ 1967ರಲ್ಲಿ ಇಲ್ಲಿಗೆ ಬಂದು ವಿದ್ಯಾರ್ಥಿಗಳೊಂದಿಗೆ ದುಡಿದರು. ಕಪ್ಪು ಅಧ್ಯಯನಕ್ಕೆ ಪ್ರತ್ಯೇಕ ವಿಭಾಗ ಬೇಕು ಎಂದು ಕೇಳುವ ಮೊದಲೇ ಅದರ ಪಾಠಗಳು ಹೇಗಿರಬೇಕೆಂಬುದನ್ನು ಇವರು ಮಾಡಿ ತೋರಿಸಿದ್ದರು. ಟಿಪ್ಪಣಿಯಲ್ಲಿ ಈ ಅಂಶಕ್ಕೆ ಅಡಿಗೆರೆ ಎಳೆಯಿರಿ.

ಮುಷ್ಕರದ ಹಿಂದಿದ್ದ ಇನ್ನೊಂದು ಕಾರಣ ಪ್ರವೇಶ ನಿಯಮ. ಕ್ಯಾಲಿಫೋರ್ನಿಯಾದ 1960ರ ಉನ್ನತ ಶಿಕ್ಷಣ ಯೋಜನೆಯು ಸ್ಟೇಟ್ ಕಾಲೇಜುಗಳಿಗೆ ಪ್ರೌಢಶಾಲೆಯ ಮೇಲಿನ ಮೂರನೇ ಒಂದು ಭಾಗದ ವಿದ್ಯಾರ್ಥಿಗಳನ್ನಷ್ಟೇ ಅರ್ಹರೆಂದಿತು. ಸೌಲಭ್ಯವಿಲ್ಲದ ಶಾಲೆಗಳಲ್ಲಿ ಓದಿದ ಕಪ್ಪು ಮಕ್ಕಳಿಗೆ ಬಾಗಿಲು ಮುಚ್ಚಿತು. ನಿಯಮದಲ್ಲಿ ಜನಾಂಗದ ಹೆಸರೇ ಇರಲಿಲ್ಲ, ಪೆಟ್ಟು ಬಿದ್ದದ್ದು ಮಾತ್ರ ಅವರಿಗೆ.

1968ರ ಆರಂಭದಲ್ಲಿ ಸಮಾಜಶಾಸ್ತ್ರಜ್ಞ ನೇಥನ್ ಹೇರ್ ಕಪ್ಪು ಅಧ್ಯಯನದ ಯೋಜನೆ ರೂಪಿಸಲು ಬಂದರು. ಯೋಜನೆ ಸಿದ್ಧವಾದರೂ ಆಡಳಿತ ಅದನ್ನು ಮುಂದೂಡುತ್ತಲೇ ಹೋಯಿತು. ಅಷ್ಟರಲ್ಲಿ, ಇಂಗ್ಲಿಷ್ ಬೋಧಕರೂ, ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಶಿಕ್ಷಣ ಹೊಣೆಗಾರರೂ ಆಗಿದ್ದ ಜಾರ್ಜ್ ಮರೆ ಅಮಾನತಾದರು. ನವೆಂಬರ್ 6ರಂದು ಮುಷ್ಕರ ಆರಂಭವಾಯಿತು. ಸಂಘದ 10 ಬೇಡಿಕೆಗಳಿಗೆ ಇತರ ಅಲ್ಪಸಂಖ್ಯಾತ ವಿದ್ಯಾರ್ಥಿಗಳ 'ತೃತೀಯ ಜಗತ್ತಿನ ವಿಮೋಚನಾ ರಂಗ' ಮತ್ತೆ 5 ಸೇರಿಸಿತು. ಸ್ವತಂತ್ರ ವಿಭಾಗ, 20 ಪೂರ್ಣಾವಧಿ ಬೋಧಕ ಹುದ್ದೆ, 1969ರಲ್ಲಿ ಅರ್ಜಿ ಹಾಕುವ ಎಲ್ಲ ಕಪ್ಪು ವಿದ್ಯಾರ್ಥಿಗಳಿಗೂ ಪ್ರವೇಶ: ಇವು ಮುಖ್ಯವಾದವು.

ಕಾಲೇಜಿನ ಅಧ್ಯಕ್ಷ ರಾಬರ್ಟ್ ಸ್ಮಿತ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಹಯಾಕಾವಾ ಪೊಲೀಸರನ್ನು ನೆಚ್ಚಿಕೊಂಡರು. ನೂರಾರು ಬಂಧನಗಳಾದವು. 1969ರ ಮಾರ್ಚ್‌ನಲ್ಲಿ ಒಪ್ಪಂದವಾಗಿ, ಅದೇ ವರ್ಷ ಜನಾಂಗೀಯ ಅಧ್ಯಯನ ಶಾಲೆ ತೆರೆಯಿತು. ಕಪ್ಪು ಅಧ್ಯಯನ ವಿಭಾಗ ಅದರಲ್ಲೊಂದಾಯಿತು. ಅದರ ನಕ್ಷೆ ಬರೆದ ಹೇರ್ ಅವರನ್ನು ಮಾತ್ರ ಕಾಲೇಜು ಉಳಿಸಿಕೊಳ್ಳಲಿಲ್ಲ.