ಹಿಂದೆ ಟಿಬಿ ಆಗಿಲ್ಲ ಅಂದ ಮಾತ್ರಕ್ಕೆ ರೆಸಿಸ್ಟೆನ್ಸ್ ಇರಲ್ಲ ಅಂತ ಅಲ್ಲ

ಕಫದಲ್ಲಿ ಟಿಬಿ ಇದೆ ಅಂತ ರಿಪೋರ್ಟ್ ಬಂದ ತಕ್ಷಣ ನಮ್ಮಂಥ ಶ್ವಾಸಕೋಶದ ಡಾಕ್ಟ್ರುಗಳು ಮೊದಲು ಕೇಳೋದು, ಹಿಂದೆ ಯಾವತ್ತಾದ್ರೂ ಟಿಬಿಗೆ ಮಾತ್ರೆ ತಗೊಂಡಿದ್ರಾ ಅಂತ. ಎಷ್ಟೋ ಜನ ತಗೊಂಡಿದ್ರೂ ಇಲ್ಲ ಅಂದುಬಿಡ್ತಾರೆ, ಅರ್ಧಕ್ಕೆ ಬಿಟ್ಟಿದ್ದು ಗೊತ್ತಾದ್ರೆ ಬೈತಾರೇನೋ ಅನ್ನೋ ಭಯ ಒಂದು ಕಡೆ, ಮನೇಲಿ ಯಾರಿಗೂ ಹೇಳಿರಲ್ಲ ಅನ್ನೋದು ಇನ್ನೊಂದು ಕಡೆ. ಹಿಂದೆ ಮಾತ್ರೆ ತಗೊಂಡವರಲ್ಲಿ ರೆಸಿಸ್ಟೆನ್ಸ್, ಅಂದ್ರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಿರೋ ಸಾಧ್ಯತೆ ಜಾಸ್ತಿ, ಅದಕ್ಕೇ ಈ ಪ್ರಶ್ನೆ ತುಂಬಾ ಮುಖ್ಯ, ಆದ್ರೆ ಇದಕ್ಕೆ ಬರೋ ಉತ್ತರ ಒಂದನ್ನೇ ನಂಬ್ಕೊಂಡು ಔಷಧಿ ಬರೆದ್ರೆ ಅಪಾಯ ಅನ್ನೋದು ಇವತ್ತು ನಾನು ಹೇಳಬೇಕಾಗಿರೋ ವಿಷಯ.

ಮೊದಲು ಲೆಕ್ಕ ನೋಡೋಣ. ಟಿಬಿಯ ಅತಿ ಮುಖ್ಯ ಔಷಧಿ ರಿಫಾಂಪಿಸಿನ್, ಅದಕ್ಕೆ ಬಗ್ಗದ ಟಿಬಿಯನ್ನ ಆರ್‌ಆರ್ ಟಿಬಿ ಅಂತೀವಿ, ಅದರ ಜೊತೆ ಐಸೋನಿಯಾಜಿಡ್‌ಗೂ ಬಗ್ಗದಿದ್ರೆ ಎಂಡಿಆರ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನ ಹೊಸ ಟಿಬಿ ರೋಗಿಗಳಲ್ಲಿ ಶೇಕಡ 3.2 ಮಂದಿಗೆ, ಹಿಂದೆ ಚಿಕಿತ್ಸೆ ತಗೊಂಡು ಮತ್ತೆ ಬಂದವರಲ್ಲಿ ಶೇಕಡ 16 ಮಂದಿಗೆ ಈ ಎರಡರಲ್ಲಿ ಒಂದು ಇತ್ತು. ಅಂದ್ರೆ ಮತ್ತೆ ಬಂದೋರಲ್ಲಿ ಸುಮಾರು ಐದು ಪಟ್ಟು ಜಾಸ್ತಿ. ಭಾರತದಲ್ಲಿ 2014ರಿಂದ 2016ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎಂಡಿಆರ್ ಹೊಸಬರಲ್ಲಿ ಶೇಕಡ 2.84, ಹಳಬರಲ್ಲಿ ಶೇಕಡ 11.60 ಸಿಕ್ಕಿತ್ತು. ಹಿಂದಿನ ಸೋವಿಯತ್ ಒಕ್ಕೂಟದ ಕೆಲವು ದೇಶಗಳಲ್ಲಂತೂ ಹೊಸಬರಲ್ಲೇ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ, ಹಳಬರಲ್ಲಿ ಅರ್ಧಕ್ಕಿಂತ ಜಾಸ್ತಿ, ಹಾಗಾಗಿ ಜಾಗತಿಕ ಸರಾಸರಿ ನೋಡಿ ಯಾವ ಊರಿನ ಸ್ಥಿತಿಯನ್ನೂ ಊಹಿಸೋಕಾಗಲ್ಲ.

ಈ ಶೇಕಡಾವಾರು ನೋಡಿದೋರು ಸಾಮಾನ್ಯವಾಗಿ ರೆಸಿಸ್ಟೆನ್ಸ್ ಅನ್ನೋದು ಹಳೇ ರೋಗಿಗಳ ಸಮಸ್ಯೆ ಅಂದ್ಕೋತಾರೆ, ಇದು ತಪ್ಪು. ಹೊಸಬರ ಸಂಖ್ಯೆ ಎಷ್ಟು ದೊಡ್ಡದು ಅನ್ನೋದನ್ನ ಲೆಕ್ಕಕ್ಕೆ ತಗೋಬೇಕು. ಒಂದು ಕಡೆ ಸಾವಿರ ರೋಗಿಗಳಿದ್ದಾರೆ, ಅದ್ರಲ್ಲಿ 900 ಹೊಸಬರು, 100 ಜನ ಹಿಂದೆ ಚಿಕಿತ್ಸೆ ಆಗಿರೋರು ಅಂತ ಇಟ್ಕೊಳ್ಳಿ. ಮೇಲಿನ ದರ ಹಾಕಿದ್ರೆ ಹೊಸಬರಲ್ಲಿ ಸುಮಾರು 29 ಜನಕ್ಕೆ ರೆಸಿಸ್ಟೆನ್ಸ್, ಹಳಬರಲ್ಲಿ 16 ಜನಕ್ಕೆ. ಹಳಬರನ್ನ ಮಾತ್ರ ಪರೀಕ್ಷೆ ಮಾಡಿದ್ರೆ ಆ 29 ಜನಾನೂ ತಪ್ಪಿಹೋಗ್ತಾರೆ, ಕೆಲಸ ಮಾಡದ ಮಾತ್ರೆ ನುಂಗ್ತಾ ಮನೇಲಿ, ಬಸ್ಸಲ್ಲಿ, ವಾರ್ಡಲ್ಲಿ ಕೆಮ್ಮುತ್ತಾ ಓಡಾಡ್ತಾರೆ. ಅವರಿಂದ ಟಿಬಿ ಹತ್ತಿದವರೂ ನಮ್ಮ ರಿಜಿಸ್ಟರ್‌ನಲ್ಲಿ ಹೊಸ ರೋಗಿಗಳಾಗೇ ದಾಖಲಾಗ್ತಾರೆ, ಆದ್ರೆ ಅವರ ದೇಹಕ್ಕೆ ಸೇರಿದ್ದು ಆಗಲೇ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ.

ದಕ್ಷಿಣ ಆಫ್ರಿಕಾದ ಟುಗೇಲಾ ಫೆರಿಯಲ್ಲಿ ಆಗಿದ್ದು ಇದನ್ನ ಇಡೀ ಜಗತ್ತಿಗೆ ತೋರಿಸ್ತು. ಅಲ್ಲಿ ಬಹುತೇಕ ಯಾವ ಔಷಧಿಗೂ ಬಗ್ಗದ ಎಕ್ಸ್‌ಡಿಆರ್ ಟಿಬಿ 53 ಜನರಲ್ಲಿ ಕಾಣಿಸಿಕೊಳ್ತು, 52 ಜನ ತೀರಿಕೊಂಡ್ರು, 2006ರಲ್ಲಿ ವರದಿ ಬಂತು. ಎಚ್‌ಐವಿ ಪರೀಕ್ಷೆ ಆದವರೆಲ್ಲರಿಗೂ ಎಚ್‌ಐವಿ ಇತ್ತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಿಂದೆ ಟಿಬಿ ಮಾತ್ರೆ ಮುಟ್ಟಿದವರೇ ಅಲ್ಲ, ತುಂಬಾ ಜನ ಸ್ವಲ್ಪ ದಿನದ ಹಿಂದಷ್ಟೇ ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದ್ದೋರು. ಆಸ್ಪತ್ರೆಗೆ ವಾಸಿ ಮಾಡ್ಕೊಳ್ಳೋಕೆ ಬಂದೋರಿಗೆ ಅಲ್ಲೇ ಗಾಳಿಯಿಂದ ಇಂಥದ್ದು ಹತ್ತೋದು ಅಂದ್ರೆ ಎಷ್ಟು ಸಂಕಟದ ವಿಷಯ ಯೋಚಿಸಿ, ಕಿಟಕಿ ತೆಗೆದಿಡಿ ಅಂತ ನಾವು ವಾರ್ಡಲ್ಲಿ ಮತ್ತೆ ಮತ್ತೆ ಹೇಳೋದು ಸುಮ್ಮನೆ ಅಲ್ಲ.

ಹಾಗಾದ್ರೆ ಮತ್ತೆ ಬಂದವರಲ್ಲಿ ಯಾಕೆ ಜಾಸ್ತಿ? ಶ್ವಾಸಕೋಶದಲ್ಲಿ ಕುಳಿ ಬಿದ್ದಿದ್ರೆ ಅದರೊಳಗೆ ಹತ್ತು ಕೋಟಿಗೂ ಮೀರಿ ಬ್ಯಾಕ್ಟೀರಿಯಾ ಇರಬಹುದು. ಯಾವ ಔಷಧಿನೂ ನೋಡದೇನೇ, ಸುಮಾರು ಹತ್ತು ಲಕ್ಷಕ್ಕೆ ಒಂದು ತಾನಾಗೇ ಐಸೋನಿಯಾಜಿಡ್‌ಗೆ ಬಗ್ಗದ ಹಾಗೆ ಬದಲಾಗಿರತ್ತೆ, ಸುಮಾರು ಹತ್ತು ಕೋಟಿಗೆ ಒಂದು ರಿಫಾಂಪಿಸಿನ್‌ಗೆ. ಎರಡಕ್ಕೂ ಒಟ್ಟಿಗೆ ಬಗ್ಗದಿರೋದು ಸಿಗಬೇಕು ಅಂದ್ರೆ ಕೋಟಿಯನ್ನ ಕೋಟಿಯಿಂದ ಗುಣಿಸಿದಷ್ಟು ಬ್ಯಾಕ್ಟೀರಿಯಾ ಬೇಕು, ಅಷ್ಟು ಯಾವ ದೇಹದಲ್ಲೂ ಇರಲ್ಲ, ಅದಕ್ಕೇ ನಾಲ್ಕು ಔಷಧಿ ಒಟ್ಟಿಗೆ ಶುರು ಮಾಡೋದು. ಒಂದೇ ಔಷಧಿ ಕೊಟ್ರೆ ಏನಾಗತ್ತೆ ಅಂತ 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲೇ ಗೊತ್ತಾಗಿತ್ತು, ಮೊದಲು ಚೇತರಿಸಿಕೊಂಡ್ರು, ಆಮೇಲೆ ಬಗ್ಗೋವು ಸತ್ತು ಬಗ್ಗದವೇ ಉಳ್ಕೊಂಡು ಬೆಳೆದು, ಹೆಚ್ಚಿನವರಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗೋದನ್ನ ಬಿಡ್ತು. ಹಿಂದಿನ ಚಿಕಿತ್ಸೆ ಅರೆಬರೆ ಆದವರಲ್ಲೂ ಆಗೋದು ಇದೇ.

ರೋಗಿ ಮಾತ್ರೆ ಬಿಟ್ಟಿದ್ದಕ್ಕೇ ಹೀಗಾಯ್ತು ಅಂತ ಹೇಳೋದು ಸುಲಭ, ನನಗೆ ಆ ಮಾತು ಕೇಳಿದ್ರೆ ಬೇಜಾರಾಗತ್ತೆ. ತೂಕಕ್ಕೆ ಸರಿಯಾದ ಡೋಸ್ ಬರೆದಿರಲ್ಲ, ಔಷಧಿ ಸ್ಟಾಕ್ ಮುಗಿದಿರತ್ತೆ, ಗುಣಮಟ್ಟ ಸರಿ ಇರಲ್ಲ, ಕೆಲವರಲ್ಲಿ ನುಂಗಿದ್ದು ರಕ್ತಕ್ಕೇ ಸರಿಯಾಗಿ ಸೇರಲ್ಲ, ಇಲ್ಲಾಂದ್ರೆ ಮೊದಲಿಂದಾನೇ ಇದ್ದ ರೆಸಿಸ್ಟೆನ್ಸನ್ನ ಯಾರೂ ಪರೀಕ್ಷೆ ಮಾಡಿರಲ್ಲ. ಅಷ್ಟೇ ಅಲ್ಲ, ಎಷ್ಟೋ ವರ್ಷ ಜಗತ್ತಿನ ತುಂಬ ನಾವು ಡಾಕ್ಟ್ರುಗಳೇ ಪಾಲಿಸ್ತಿದ್ದ ಕ್ಯಾಟಗರಿ ಎರಡು ಅನ್ನೋ ಪದ್ಧತಿ ಇತ್ತು, ಮತ್ತೆ ಬಂದವರಿಗೆ ಅದೇ ಹಳೇ ಔಷಧಿಗಳ ಜೊತೆಗೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಒಂದನ್ನ ಸೇರಿಸಿ ಎಂಟು ತಿಂಗಳು ಕೊಡೋದು. ಸೋತಿರೋ ಔಷಧಿಗಳಿಗೆ ಹೊಸದೊಂದನ್ನ ಮಾತ್ರ ಸೇರಿಸಿದ್ರೆ ನಿಜವಾಗಿ ಹೋರಾಡೋದು ಅದೊಂದೇ, ಕೊನೆಗೆ ಅದೂ ಕೈಕೊಡತ್ತೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ನಿಲ್ಲಿಸಿ ಅಂದಿದ್ದು 2017ರಲ್ಲಿ.

ಇನ್ನೊಂದು, ಮತ್ತೆ ಬಂದೋರು ಅಂತ ಒಂದೇ ಪಟ್ಟಿಗೆ ಹಾಕ್ತೀವಲ್ಲ, ಅದ್ರಲ್ಲಿ ಬೇರೆ ಬೇರೆ ಥರದವರಿದ್ದಾರೆ. ಚಿಕಿತ್ಸೆ ನಡೀತಿರುವಾಗಲೇ ಕಫ ಪಾಸಿಟಿವ್ ಆಗೇ ಉಳಿದವರು ಒಂದು, ಇವರಲ್ಲಿ ರೆಸಿಸ್ಟೆನ್ಸ್ ಸಾಧ್ಯತೆ ಎಲ್ಲರಿಗಿಂತ ಜಾಸ್ತಿ. ಮಧ್ಯದಲ್ಲಿ ಬಿಟ್ಟು ಬಂದವರು ಇನ್ನೊಂದು. ಪೂರ್ತಿ ಕೋರ್ಸ್ ಮುಗಿಸಿ ವಾಸಿಯಾಗಿ, ವರ್ಷಗಳಾದ ಮೇಲೆ ಮತ್ತೆ ಕೆಮ್ಮು ಶುರುವಾದವರು ಮಗದೊಂದು, ಇವರಲ್ಲಿ ಕೆಲವರಿಗೆ ಬಂದಿರೋದು ಹಳೇದಲ್ಲ, ಹೊಸದಾಗಿ ಬೇರೆಯವರಿಂದ ಹತ್ತಿರೋ ಬೇರೆ ತಳಿ. ಹಾಗಾಗಿ ಎರಡನೇ ಸಲ ಟಿಬಿ ಅಂದ ಕೂಡಲೇ ಎಲ್ಲ ಮುಗೀತು ಅಂತ ಕೂರಬೇಡಿ, ಮತ್ತೆ ಬಂದ ನೂರರಲ್ಲಿ 84 ಜನಕ್ಕೆ ರಿಫಾಂಪಿಸಿನ್ ಕೆಲಸ ಮಾಡತ್ತೆ ಅನ್ನೋದೂ ಅದೇ ಅಂಕಿ ಹೇಳೋ ಮಾತು.

ಪರೀಕ್ಷೆಗೆ ಈಗ ಹೆಚ್ಚು ಕಾಯಬೇಕಾಗಿಲ್ಲ. ಮೈಕ್ರೋಸ್ಕೋಪಲ್ಲಿ ಬ್ಯಾಕ್ಟೀರಿಯಾ ಕಾಣ್ಸತ್ತೇ ಹೊರತು ಅದು ಔಷಧಿಗೆ ಬಗ್ಗತ್ತಾ ಇಲ್ವಾ ಅಂತ ತಿಳಿಯಲ್ಲ, ಕಲ್ಚರ್‌ಗೆ, ಅಂದ್ರೆ ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋಕೆ, ವಾರಗಟ್ಟಲೆ ಬೇಕು, ಜೀನ್‌ಎಕ್ಸ್‌ಪರ್ಟ್ ಅನ್ನೋ ಮೆಷಿನ್ ಮಾತ್ರ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯಾ, ರಿಫಾಂಪಿಸಿನ್ ನಡೆಯತ್ತಾ ಎರಡನ್ನೂ ಹೇಳತ್ತೆ. ಐಸೋನಿಯಾಜಿಡ್ ಬಗ್ಗೆ ಇದರ ಮಾಮೂಲಿ ಕಾರ್ಟ್ರಿಜ್ ಏನೂ ಹೇಳಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು. ಹಳೇ ರೋಗಿಗಳಲ್ಲಿ ಒಂದು ಸೂಕ್ಷ್ಮ ಇದೆ, ಈ ಮೆಷಿನ್ ಹುಡುಕೋದು ಡಿಎನ್‌ಎಯನ್ನ, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ವಾಸಿಯಾದ ಮೇಲೂ ಉಳಿದಿರಬಹುದು, ಅದಕ್ಕೆ ಅವರಲ್ಲಿ ತೀರಾ ಕಡಿಮೆ ಪ್ರಮಾಣದ ಪಾಸಿಟಿವ್ ಬಂದ್ರೆ ಕಲ್ಚರ್, ಎಕ್ಸ್‌ರೇ, ಲಕ್ಷಣ ಎಲ್ಲ ಸೇರಿಸಿ ನೋಡದೆ ಚಿಕಿತ್ಸೆ ಶುರು ಮಾಡಬಾರದು. ಹಳೇ ಚೀಟಿ, ಹಳೇ ಎಕ್ಸ್‌ರೇ ಇದ್ರೆ ಹೊತ್ಕೊಂಡು ಬನ್ನಿ, ಇಂಥ ಕಡೆ ಅದು ತುಂಬಾ ಉಪಯೋಗಕ್ಕೆ ಬರತ್ತೆ.

2023ರಲ್ಲಿ ಜಗತ್ತಲ್ಲಿ ಸುಮಾರು 4 ಲಕ್ಷ ಜನಕ್ಕೆ ಆರ್‌ಆರ್ ಅಥವಾ ಎಂಡಿಆರ್ ಟಿಬಿ ಬಂತು ಅನ್ನೋದು ಅಂದಾಜು, ಚಿಕಿತ್ಸೆ ಶುರುವಾಗಿದ್ದು ಐದರಲ್ಲಿ ಇಬ್ಬರಿಗೆ ಮಾತ್ರ. ಚಿಕಿತ್ಸೆ ಇಲ್ಲ ಅಂತಲ್ಲ. ಮುಂಚೆ ಒಂದೂವರೆ ವರ್ಷಕ್ಕೂ ಮೇಲೆ, ಕಿವಿ ಕೇಳದಂಗೆ ಮಾಡೋ ಇಂಜೆಕ್ಷನ್ ಸಮೇತ ಕೊಡ್ತಿದ್ರು, 2022ರಿಂದ ಬೆಡಾಕ್ವಿಲಿನ್, ಪ್ರೆಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲೊಕ್ಸಾಸಿನ್ ನಾಲ್ಕೂ ಸೇರಿಸಿ ಬರೀ ಮಾತ್ರೆಯಲ್ಲಿ ಆರು ತಿಂಗಳಿಗೆ ಮುಗಿಸೋ ಕೋರ್ಸನ್ನ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ, ಗರ್ಭಿಣಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಬೇರೆ ಕೋರ್ಸ್ ಇದೆ. ಲಿನೆಜೋಲಿಡ್‌ನಿಂದ ಪಾದ ಜುಮ್ಮೆನ್ನೋದು, ರಕ್ತ ಕಡಿಮೆಯಾಗೋದು ಆಗಬಹುದು, ಹಾಗೇನಾದ್ರೂ ಅನ್ಸಿದ್ರೆ ಮಾತ್ರೆ ನಿಲ್ಲಿಸೋ ಮುಂಚೆ ಡಾಕ್ಟ್ರಿಗೆ ಹೇಳಿ, ಡೋಸ್ ಸರಿಮಾಡೋಕೆ ದಾರಿ ಇದೆ. ಜೊತೆಗೆ ಮನೆಯವರೆಲ್ಲ ಪರೀಕ್ಷೆ ಮಾಡಿಸ್ಕೊಳ್ಳಿ, ಅವರಿಗೆ ಕಾಯಿಲೆ ಬಂದಿಲ್ಲ ಅಂತ ಖಚಿತ ಆದ್ರೆ ತಡೆಗಟ್ಟೋಕೆ ಆರು ತಿಂಗಳು ಲೆವೊಫ್ಲೊಕ್ಸಾಸಿನ್ ಕೊಡಬಹುದು ಅಂತ 2024ರಲ್ಲಿ ಶಿಫಾರಸು ಬಂದಿದೆ, ಕೇಳಿ ನೋಡಿ.