ಎಷ್ಟು ಟನ್ ಇದ್ದರೆ ಎಷ್ಟು ಅಪಾಯ?

1974ರ ಜೂನ್ 1, ಶನಿವಾರ. ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ನೈಲಾನಿಗೆ ಕಚ್ಚಾವಸ್ತು ತಯಾರಿಸುವ ಕಾರ್ಖಾನೆಯಲ್ಲಿ ಸೈಕ್ಲೋಹೆಕ್ಸೇನ್ ಆವಿ ಸ್ಫೋಟಿಸಿ 28 ಜನ ಸತ್ತರು. ಸಾಲಾಗಿ ನಿಂತಿದ್ದ ಆರು ರಿಯಾಕ್ಟರ್‌ಗಳಲ್ಲಿ ಐದನೆಯದು ಬಿರುಕು ಬಿಟ್ಟಿತ್ತು. ಅದನ್ನು ಕಳಚಿ, ನಾಲ್ಕನೆಯದರಿಂದ ಆರನೆಯದಕ್ಕೆ ತಾತ್ಕಾಲಿಕ ಪೈಪ್ ಜೋಡಿಸಿದ್ದರು. ಆ ಪೈಪಿಗೆ ಇದ್ದ ಒಂದೇ ನಕ್ಷೆ, ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದು.

ಅಪಾಯವನ್ನು ಅಂಕಿಯಲ್ಲಿ ಅಳೆಯುವ ವಿದ್ಯೆ ಅಷ್ಟರಲ್ಲಾಗಲೇ ಹುಟ್ಟಿತ್ತು. 1964ರಲ್ಲಿ ಅಮೆರಿಕದ ರಾಸಾಯನಿಕ ಕಂಪನಿ ಡೌ ಬೆಂಕಿ ಮತ್ತು ಸ್ಫೋಟದ ಸೂಚ್ಯಂಕವೊಂದನ್ನು ಹೊರತಂದಿತ್ತು. ರಾಸಾಯನಿಕದ ಸ್ವಭಾವಕ್ಕೆ ಒಂದು ಅಂಕ, ಅದನ್ನು ಬಳಸುವ ಪ್ರಕ್ರಿಯೆಯ ಗಂಡಾಂತರಕ್ಕೆ ಇನ್ನೊಂದು. ಎರಡನ್ನೂ ಗುಣಿಸಿದರೆ ಸೂಚ್ಯಂಕ ಸಿಗುತ್ತದೆ. ಆದರೆ ಅದು ಕಂಪನಿ ತನಗಾಗಿ ಮಾಡಿಕೊಳ್ಳುವ ಲೆಕ್ಕ, ಕಾನೂನಲ್ಲ.

1976ರಲ್ಲಿ ಇಟಲಿಯ ಸೆವೆಸೊ ಊರಿನ ಮೇಲೆ ಡಯಾಕ್ಸಿನ್ ಎಂಬ ವಿಷದ ಮೋಡ ಹರಡಿತು. ಯುರೋಪ್ 1982ರಲ್ಲಿ ಆ ಊರಿನ ಹೆಸರಲ್ಲೇ ಗುರುತಾದ ನಿರ್ದೇಶನ ಜಾರಿಗೆ ತಂದಿತು. ಯಾವ ರಾಸಾಯನಿಕ, ಎಷ್ಟು ದಾಸ್ತಾನು ಎಂಬುದೇ ಅದರ ಅಳತೆಗೋಲು. ಈಗಿನ ಪಟ್ಟಿಯಲ್ಲಿ ಕ್ಲೋರಿನ್ 10 ಟನ್ ಮುಟ್ಟಿದರೆ ಕಾರ್ಖಾನೆ ಕೆಳಹಂತಕ್ಕೆ, 25 ಟನ್ ಮುಟ್ಟಿದರೆ ಹೆಚ್ಚು ಬಿಗಿಯಾದ ಮೇಲ್ಹಂತಕ್ಕೆ ಸೇರುತ್ತದೆ. ಮೇಲ್ಹಂತದ ಕಾರ್ಖಾನೆಗೆ ವರ್ಷಕ್ಕೊಮ್ಮೆ, ಕೆಳಹಂತದ್ದಕ್ಕೆ ಮೂರು ವರ್ಷಕ್ಕೊಮ್ಮೆ ತಪಾಸಣೆ ಆಗಲೇಬೇಕು. ಅಪಾಯವನ್ನು ಕ್ರಮಬದ್ಧವಾಗಿ ಅಂದಾಜಿಸಿ ಬೇರೆ ವೇಳಾಪಟ್ಟಿ ಹಾಕಿಕೊಂಡಿದ್ದರೆ ಮಾತ್ರ ಇದು ಬದಲಾಗಬಹುದು.

ಮಿತಿಗಿಂತ ಕಡಿಮೆ ಇಟ್ಟುಕೊಂಡವರು ಪಾರಾದಂತೆ ಎಂದುಕೊಳ್ಳಬೇಡಿ. 6 ಟನ್ ಕ್ಲೋರಿನ್, 10 ಟನ್ ಬ್ರೋಮಿನ್ ಇದೆ ಎನ್ನಿ. ಬ್ರೋಮಿನಿನ ಕೆಳಮಿತಿ 20 ಟನ್. ಬಿಡಿಯಾಗಿ ನೋಡಿದರೆ ಎರಡೂ ಮಿತಿಯೊಳಗೇ ಇವೆ. ಆದರೆ ಎರಡೂ ವಿಷಕಾರಿಯಾದ್ದರಿಂದ ಆಯಾ ಮಿತಿಯಿಂದ ಭಾಗಿಸಿ ಕೂಡಬೇಕು: 0.6ಕ್ಕೆ 0.5 ಸೇರಿ 1.1. ಒಂದನ್ನು ದಾಟಿತು, ಕಾರ್ಖಾನೆ ಪಟ್ಟಿಗೆ ಬಂತು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ನಿಯಮ ಇದು.

ಆದರೂ ಟನ್ನುಗಳ ಲೆಕ್ಕ ಅರ್ಧ ಸತ್ಯ ಮಾತ್ರ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಒಂದೇ ಟ್ಯಾಂಕಿನಲ್ಲಿ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಎಂಬ ವಿಷ ರಾಸಾಯನಿಕ ಇತ್ತು. ಇಂದು ಸೆವೆಸೊ ಪಟ್ಟಿಯಲ್ಲಿ ಅದರ ಮಿತಿ 150 ಕಿಲೋ. ಆದರೆ ಅಷ್ಟು ಜನರನ್ನು ಕೊಂದದ್ದು ಪ್ರಮಾಣವೊಂದೇ ಅಲ್ಲ. ಟ್ಯಾಂಕನ್ನು ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡಬೇಕಿದ್ದ ಫ್ಲೇರ್ ಕಂಬದ ಪೈಪನ್ನು ದುರಸ್ತಿಗೆಂದು ಕಳಚಿಟ್ಟಿದ್ದರು. ದಾಸ್ತಾನು ಪುಸ್ತಕವನ್ನಷ್ಟೇ ತಿರುವುವ ಇನ್ಸ್‌ಪೆಕ್ಟರ್ ಕಣ್ಣಿಗೆ ಇವೆರಡೂ ಬೀಳುವುದಿಲ್ಲ. ಭಾರತ 1987ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿತು, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ ತಂದಿತು. ಈ ನಿಯಮವೂ ಪ್ರಮಾಣದ ಮಿತಿಗಳನ್ನೇ ಆಧರಿಸಿದೆ.

ಪಟ್ಟಿ ಯಾವಾಗಲೂ ದುರಂತದ ಹಿಂದೆಯೇ ನಡೆದಿದೆ. 2001ರ ಸೆಪ್ಟೆಂಬರ್ 21ರಂದು ಫ್ರಾನ್ಸಿನ ಟುಲೂಸ್‌ನಲ್ಲಿ ಗೊಬ್ಬರ ಕಾರ್ಖಾನೆಯ ಗೋದಾಮು ಸಿಡಿದು 31 ಜನ ಸತ್ತರು. ಅಲ್ಲಿ ರಾಶಿ ಹಾಕಿದ್ದು ಗುಣಮಟ್ಟ ಮುಟ್ಟದೆ ಪಕ್ಕಕ್ಕಿಟ್ಟ ಅಮೋನಿಯಂ ನೈಟ್ರೇಟ್. ಅಂಥ ತಿರಸ್ಕೃತ ಮಾಲಿಗೆ ಸೆವೆಸೊ ಪಟ್ಟಿಯಲ್ಲಿ ಪ್ರತ್ಯೇಕ ಮಿತಿ ಬಂದದ್ದು 2003ರಲ್ಲಿ.